ಹನಿಯಕ್ಕನ ಉಪ್ಪು ಮೂಟೆ

ಬೆಳಗಿನ ಐದೂವರೆ. ಊರಿನ ಕೋಳಿಗಳೇ ಇನ್ನೂ ಮಗ್ಗುಲು ಬದಲಿಸುತ್ತಿವೆ. ಕಡಲದಂಡೆಯ ಸಂಶೋಧನಾ ಕೇಂದ್ರದ ತಣ್ಣನೆ ಕೋಣೆಯಲ್ಲಿ ಮಾತ್ರ ಆಗಲೇ ದೀಪ ಹತ್ತಿದೆ. ಆ ಕೋಣೆಯ ಚಳಿ ಎಂಥದ್ದೆಂದರೆ, ಒಳಗೆ ಹೋಗಿ ಬಂದವರು ಮೂಗು ಇದ್ದಲ್ಲೇ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಅಲ್ಲಿ ಅರವತ್ತೆರಡು ವರ್ಷದ ಹೆಂಗಸೊಬ್ಬಳು ಮೊಣಕೈತನಕ ಅಂಗಿಯ ತೋಳು ಮಡಿಸಿ ನಿಂತು, ಕಿರುಬೆರಳಿನಷ್ಟು ಉದ್ದದ ಕೆಂಪು ಮಾಂಸದ ತುಂಡಿಗೆ ದಾರ ಕಟ್ಟುತ್ತಿದ್ದಾಳೆ.

ಅದು ಶಾರ್ಕಿನ ಉಪ್ಪಿನ ಗ್ರಂಥಿ. ಮೀನಿನ ಕರುಳಿನ ಕೊನೆಯಲ್ಲಿ ನೇತಾಡಿಕೊಂಡಿರುತ್ತದೆ. ತೋಳುದ್ದದ ಸಣ್ಣ ಶಾರ್ಕಿನಿಂದ ಅದನ್ನು ಬಿಡಿಸಿ, ಮೂರು ಕಡೆ ನಳಿಗೆ ತೂರಿಸಬೇಕು. ರಕ್ತ ಬರುವ ದಾರಿಗೆ ಒಂದು, ರಕ್ತ ಹೋಗುವ ದಾರಿಗೆ ಒಂದು, ಉಪ್ಪುನೀರು ಹೊರಬೀಳುವ ದಾರಿಗೆ ಇನ್ನೊಂದು. ರಕ್ತ ಬರುವ ನಾಳ ನೆನೆದ ಹುಲ್ಲುಕಡ್ಡಿಯಷ್ಟೇ ದಪ್ಪ. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಹರಿದುಹೋಗುತ್ತದೆ. ಡಿಗ್ರಿ ಮೇಲೆ ಡಿಗ್ರಿ ಪೇರಿಸಿಕೊಂಡು ಬಂದವರಿಗೆ ಮೂರು ನಳಿಗೆ ಕೂರಿಸಲು ನಲವತ್ತು ನಿಮಿಷ ಹಿಡಿಯುತ್ತದೆ. ಇವಳಿಗೆ ನಾಲ್ಕು. ಈ ಗಂಟು ಹಾಕುವುದರಲ್ಲಿ ಇವಳನ್ನು ಮೀರಿಸುವವರು ಏಳು ಸಮುದ್ರದ ಈಚೆಗೂ ಇಲ್ಲ, ಆಚೆಗೂ ಇಲ್ಲ.

ರಕ್ತದ ಬದಲು ರಕ್ತದಷ್ಟೇ ಉಪ್ಪಿರುವ ನೀರನ್ನು ಒಳಗೆ ಹರಿಸುತ್ತಾಳೆ. ಕಾಯುತ್ತಾಳೆ. ನಳಿಗೆಯ ತುದಿಯಲ್ಲಿ ಮೊದಲ ಹನಿ ಊದಿಕೊಂಡು, ತೂಗಿ, ಬೀಳುತ್ತದೆ. ಹನಿಯನ್ನು ಬೆರಳಲ್ಲಿ ಹಿಡಿಯುತ್ತಾಳೆ. ಬೆರಳು ತುಟಿಯ ಹತ್ತಿರ ಬಂದು ಗಕ್ಕನೆ ನಿಲ್ಲುತ್ತದೆ. ಅದನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾಳೆ.

"ಅಭ್ಯಾಸ," ಎನ್ನುತ್ತಾಳೆ. "ನಾಲಿಗೆ ಸತ್ತಿರೋ ಸುದ್ದಿ ಬೆರಳಿಗೆ ಇನ್ನೂ ಮುಟ್ಟಿಲ್ಲ."

ಕೇಂದ್ರದಲ್ಲಿ ಎಲ್ಲರೂ ಇವಳನ್ನು ಕರೆಯುವುದು ಹನಿಯಕ್ಕ ಎಂದು. ಇಪ್ಪತ್ತಾರು ವರ್ಷದಿಂದ ಮೊದಲ ಹನಿಯ ರುಚಿ ನೋಡಿ ತೀರ್ಪು ಹೇಳುತ್ತಿದ್ದವಳು. ಕಲಿಯುವವರು ಹಾಕಿದ ಗಂಟು ಸಡಿಲವಾಗಿ ಒಳಗಿನ ನೀರೇ ಸೋರಿದರೆ ಹನಿ ರಕ್ತದಷ್ಟು ಉಪ್ಪಾಗಿರುತ್ತದೆ. ಗ್ರಂಥಿ ಎದ್ದು ತಾನಾಗಿ ಸುರಿಸಿದರೆ ಅದರ ಎರಡರಷ್ಟು, ಕಡಲಿನಷ್ಟೇ ಉಪ್ಪು. ಯಂತ್ರಕ್ಕೆ ಇದನ್ನು ಹೇಳಲು ಅರ್ಧ ಗಂಟೆ ಬೇಕು, ಇವಳ ನಾಲಿಗೆಗೆ ಒಂದು ರೆಪ್ಪೆ ಹೊಡೆಯುವಷ್ಟು. "ಸೋರಿಕೆ," ಎನ್ನುತ್ತಿದ್ದಳು, ಇಲ್ಲವೇ "ಎದ್ದಿದೆ." ಗೋಡೆಯ ಮೇಲೆ ಆಳೆತ್ತರದ ಫಲಕ: ಇಲ್ಲಿ ಏನನ್ನೂ ಬಾಯಿಗಿಡಬಾರದು. ಅವಳು ಬೆರಳು ಎತ್ತಿದಾಗಲೆಲ್ಲ ಇಡೀ ಕೋಣೆ ಆ ಫಲಕವನ್ನೇ ಭಕ್ತಿಯಿಂದ ಓದುತ್ತಾ ನಿಲ್ಲುತ್ತಿತ್ತು.

ಮೀನು ಸಿಗುವ ಐದು ತಿಂಗಳು ದಿನಕ್ಕೆ ಎರಡು ಗ್ರಂಥಿ. ಒಂದೊಂದಕ್ಕೂ ಹತ್ತು ನಿಮಿಷಕ್ಕೊಂದರಂತೆ ಇಪ್ಪತ್ನಾಲ್ಕು ಗಾಜಿನ ಕೊಳವೆ. ಒಟ್ಟು ಐದು ಸಾವಿರ ಗ್ರಂಥಿ ಆಗಿರಬಹುದು ಎಂದು ಅವಳ ಅಂದಾಜು. ನೆರೆಮನೆಯವರನ್ನು ಕೇಳಿದರೆ ಐವತ್ತು ಸಾವಿರ ಎನ್ನುತ್ತಾರೆ, ಕಡಲಲ್ಲಿ ಮೀನು ಕಡಿಮೆಯಾಗಿದ್ದೇ ಇವಳಿಂದ ಎನ್ನುತ್ತಾರೆ. ಅವಳು ನಗುವುದಿಲ್ಲ. ಪ್ರತಿ ಮೀನನ್ನೂ ಮೇಜಿನ ಮೇಲೆ ಮಲಗಿಸುವಾಗ ಅದರ ಒರಟು ಬೆನ್ನನ್ನು ಒಮ್ಮೆ ಸವರಿ, "ತಪ್ಪಾಯ್ತು ಕಣೋ," ಎಂದೇ ಕೈ ಹಾಕುವವಳು ಅವಳು.

ಗ್ರಂಥಿ ಮಾಡುವುದೇನು? ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಪಾಠ ಹೇಳುವುದೂ ಇವಳೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಪಾಠ ಹೀಗಿರುತ್ತದೆ.

"ಕಡಲಲ್ಲಿರೋ ಮೀನಿನ ಮೈಯೊಳಗೆ ಉಪ್ಪು ನುಗ್ತಾನೇ ಇರತ್ತೆ. ಹೊರಗೆ ಹಾಕ್ಬೇಕಲ್ಲ? ಈಗ ಈ ಗ್ರಂಥಿಯ ಒಂದೊಂದು ಕೋಶಾನೂ ಒಂದು ಮನೆ ಅಂದ್ಕೊಳ್ಳಿ. ಹಿಂದಿನ ಬೀದೀಲಿ ರಕ್ತ, ಮುಂದಿನ ಬೀದೀಲಿ ಚರಂಡಿ. ಮನೆಯೊಳಗೊಬ್ಬಳು ಅತ್ತೆ. ಅವಳಿಗೆ ಸೋಡಿಯಂ ಕಂಡ್ರೆ ಮೈಯೆಲ್ಲಾ ಉರಿ. ಮೂರು ಮೂರು ಜನಾನ ಕುತ್ತಿಗೆ ಹಿಡಿದು ಹಿಂದಿನ ಬೀದಿಗೆ ದಬ್ತಾಳೆ, ಬದಲಿಗೆ ಇಬ್ಬರು ಪೊಟ್ಯಾಸಿಯಂನ ಒಳಗೆ ಎಳ್ಕೋತಾಳೆ. ದಬ್ಬಿಸ್ಕೊಂಡೋನು ಸುಮ್ನಿರ್ತಾನಾ? ವಾಪಸ್ ಬರ್ಬೇಕು. ಆದ್ರೆ ಒಬ್ಬನೇ ಬರೋ ಹಾಗಿಲ್ಲ. ಹಿಂಬಾಗ್ಲಿಗೆ ನಾಲ್ಕು ಸೀಟಿನ ಒಂದು ಗಾಡಿ ಇದೆ. ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡು. ಸೀಟು ತುಂಬಿದ್ರೇ ಗಾಡಿ ಹೊರಡೋದು."

ಇಲ್ಲಿಗೆ ಬಂದಾಗ ಯಾರಾದರೂ ನಗುತ್ತಾರೆ. ಅವಳು ಕಣ್ಣು ಕೆಕ್ಕರಿಸುತ್ತಾಳೆ.

"ನಗ್ಬೇಡಿ, ಪರೀಕ್ಷೇಲಿ ಬರತ್ತೆ. ಒಳಗೆ ಬಂದ ಸೋಡಿಯಂನ ಅತ್ತೆ ಮತ್ತೆ ದಬ್ಬಿದ್ಲು. ಪೊಟ್ಯಾಸಿಯಂ ಕಿಟಕಿ ಹಾರಿ ಹೋದ. ಕ್ಲೋರೈಡು ಮಾತ್ರ ಪಾಪ, ಬಂದದ್ದು ಬೇರೆಯವರ ಗಾಡೀಲಿ, ಹೋಗೋಕೆ ಗಾಡಿ ಇಲ್ಲ. ಒಳಗೆ ಕಾಲಿಡೋಕೆ ಜಾಗ ಇಲ್ಲದಷ್ಟು ಜನ ಆಗ್ಬಿಡ್ತಾರೆ. ಆಗ ಮುಂಬಾಗ್ಲು ತೆಗೀತು ಅನ್ನಿ, ದಡಬಡ ಅಂತ ಎಲ್ಲಾ ಕ್ಲೋರೈಡೂ ಚರಂಡಿಗೆ. ಅವನು ಹೋದ ಅಂತ ಸೋಡಿಯಂ ಎರಡು ಮನೆ ಮಧ್ಯದ ಸಂದೀಲಿ ನುಸುಳ್ಕೊಂಡು ಅವನ ಹಿಂದೇನೇ ಓಡ್ತಾನೆ. ಇಬ್ರೂ ಸೇರಿದ್ರೆ ಉಪ್ಪು. ಉಪ್ಪು ಹೋದ ಕಡೆ ನೀರೂ ಹೋಗತ್ತೆ. ಅದೇ ಈ ಹನಿ."

ಕೇಂದ್ರದ ಹಿರಿಯ ಸಂಶೋಧಕಿಯನ್ನು ಇವಳು ಡಾಕ್ಟರಮ್ಮ ಎನ್ನುತ್ತಾಳೆ. ಮೀನಿಗೆ ಡಾಕ್ಟರು, ಮನುಷ್ಯರ ನೆಗಡಿಗೂ ಔಷಧಿ ಗೊತ್ತಿಲ್ಲದವರು. ಅವರನ್ನು ಈ ಪಾಠದ ಬಗ್ಗೆ ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಾ, "ಅತ್ತೆಯೊಬ್ಬಳನ್ನ ಬಿಟ್ರೆ ಪುಸ್ತಕದಲ್ಲೂ ಇಷ್ಟೇ ಇರೋದು," ಎನ್ನುತ್ತಾರೆ.

ಪಾಠ ಮುಗಿದು ಮಕ್ಕಳು ಹೋದ ಮೇಲೆ ಹನಿಯಕ್ಕ ಮೇಜು ಒರೆಸುತ್ತಾಳೆ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಾಳೆ.

"ಆ ಮುಂಬಾಗ್ಲು ನಮ್ಮ ಮೂಟೆಗೆ ತೆಗೀಲಿಲ್ಲ," ಎನ್ನುತ್ತಾಳೆ.

ಮೂಟೆ ಎಂದರೆ ಅವಳ ಮಗ. ಬಂದರಿನ ಹಿಂದಿನ ಬೀದಿಯಲ್ಲಿ, ನಾಲ್ಕನೇ ಮಹಡಿಯ ಒಂದೂವರೆ ಕೋಣೆಯ ಮನೆಯಲ್ಲಿ ಹುಟ್ಟಿದವನು. ಅಪ್ಪ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಮಗುವಿನ ಹಣೆಗೆ ಮುತ್ತಿಟ್ಟರೆ ತುಟಿ ಉಪ್ಪಾಗುತ್ತಿತ್ತು. ಟೋಪಿ ತೆಗೆದರೆ ಅಂಚಿನಲ್ಲಿ ಬಿಳಿ ಗೆರೆ. ಮಕ್ಕಳನ್ನು ಬೆನ್ನ ಮೇಲೆ ಹೊತ್ತು, "ಉಪ್ಪು ಬೇಕೇನ್ರೀ ಉಪ್ಪು, ಉಪ್ಪಿನ ಮೂಟೆ," ಎಂದು ಕೋಣೆ ತುಂಬ ಕೂಗುತ್ತಾ ತಿರುಗುವ ಆಟವನ್ನು ಯಾವ ತಾಯಿ ಆಡಿಲ್ಲ? ಇವಳೂ ಆಡಿದಳು. ಗಿರಾಕಿಯಾಗಿ ಬರುತ್ತಿದ್ದ ಅಪ್ಪ ಮಗುವಿನ ಮೊಣಕೈ ನೆಕ್ಕಿ, "ಏನಮ್ಮಾ, ನಿಜವಾಗ್ಲೂ ಉಪ್ಪೇ ಮಾರ್ತಿದ್ದೀಯಲ್ಲ!" ಎಂದು ಕಣ್ಣರಳಿಸುತ್ತಿದ್ದ. ಮಗು ಕೇಕೆ ಹಾಕುತ್ತಿತ್ತು. ಕೇಕೆ ಕೆಮ್ಮಾಗುತ್ತಿತ್ತು. ಹೆಸರು ಮೂಟೆ ಎಂದೇ ನಿಂತಿತು.

"ಹೆಸರು ಮೂಟೆ, ಎತ್ತಿದ್ರೆ ಖಾಲಿ ಚೀಲ," ಎನ್ನುತ್ತಾಳೆ. "ಇಬ್ಬರ ಊಟ ತಿನ್ತಿದ್ದ. ಮೈಗೆ ಹತ್ತೋದು ಕಾಲು ಜನದ್ದು."

ಆ ಮೇಲಿನದನ್ನು ಅವಳು ನೆಲ ನೋಡುತ್ತಾ ಹೇಳುತ್ತಾಳೆ. ಮೈಯಿಂದ ಇಷ್ಟು ಉಪ್ಪು ಬರುತ್ತಿದೆಯೆಂದರೆ ಒಳಗೆ ಉಪ್ಪು ಜಾಸ್ತಿಯಾಗಿರಬೇಕು ಎಂದು ಎಲ್ಲರಿಗೂ ಅನ್ನಿಸಿತು. "ಬಸುರೀಲಿ ಡಬ್ಬ ಡಬ್ಬ ಉಪ್ಪು ಮುಕ್ಕಿದ್ಯೇನೇ?" ಎಂದು ನಾದಿನಿ ಛೇಡಿಸಿದಳು. ಆ ಮಾತು ಇವಳ ತಲೆಯಲ್ಲಿ ಮೊಳೆಯಾಗಿ ಕೂತಿತು. ಮಗನಿಗೆ ಮೂರು ವರ್ಷವಾದಾಗ ಅವನ ತಟ್ಟೆಯಿಂದ ಉಪ್ಪನ್ನು ಪೂರಾ ತೆಗೆದುಬಿಟ್ಟಳು. ಬೇಯಿಸಿದ ಆಲೂಗಡ್ಡೆ ಸಪ್ಪೆ, ಅನ್ನ ಸಪ್ಪೆ, ಮೊಟ್ಟೆ ಸಪ್ಪೆ. ಎರಡು ವರ್ಷ.

"ಬೇಡ್ತಿದ್ದ. ಒಂದೇ ಒಂದು ಕಲ್ಲು ಕೊಡಮ್ಮ ಅಂತಿದ್ದ. ನಾನು ಡಬ್ಬಾನ ಅಟ್ಟದ ಮೇಲಿಟ್ಟೆ. ಒಂದಿನ ನೋಡ್ತೀನಿ, ಬಂದರಿನ ಕಂಬಿ ಹಿಡ್ಕೊಂಡು ಅದರ ಮೇಲೆ ಒಣಗಿದ್ದ ಉಪ್ಪು ನೆಕ್ತಿದ್ದಾನೆ. ತುಕ್ಕು ಹಿಡಿದ ಕಬ್ಬಿಣ. ಬೆನ್ನಿಗೆ ಒಂದು ಬಿಟ್ಟೆ. ಆ ಏಟು ಅವನು ಮರೆತ, ನನ್ನ ಕೈ ಮರೆತಿಲ್ಲ."

ಐದನೇ ವರ್ಷದ ಬೇಸಿಗೆಯಲ್ಲಿ ಮಗು ಬಿಸಿಲಿನಲ್ಲಿ ಆಡುತ್ತಿದ್ದದ್ದು ಕುಸಿದುಬಿತ್ತು. ಆಸ್ಪತ್ರೆಯಲ್ಲಿ ಎಳೆ ವಯಸ್ಸಿನ ವೈದ್ಯನೊಬ್ಬ ಅವನ ತೋಳಿನ ಬೆವರು ಹಿಡಿದು ಪರೀಕ್ಷೆಗೆ ಕಳಿಸಿದ. ಎರಡು ದಿನದ ಮೇಲೆ ಅವಳನ್ನು ಕೂರಿಸಿ ಹೇಳಿದ: "ಅಮ್ಮ, ಇವನ ಮೈಯಲ್ಲಿ ಉಪ್ಪು ಜಾಸ್ತಿ ಇಲ್ಲ. ನಿಲ್ತಾ ಇಲ್ಲ. ಇವನಿಗೆ ಎಲ್ರಿಗಿಂತ ಹೆಚ್ಚು ಉಪ್ಪು ತಿನ್ನಿಸಬೇಕಿತ್ತು." ಕಾಯಿಲೆ ವಂಶದಲ್ಲಿ ಹರಿದು ಹುಟ್ಟಿನಿಂದಲೇ ಬಂದದ್ದು, ಎದೆಯೊಳಗಿನ ಕಫ ಅಂಟಿನ ಹಾಗಾಗುತ್ತದೆ ಎಂದ.

ಆಮೇಲೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಗನನ್ನು ಬೋರಲು ಹಾಕಿ ಬೆನ್ನು ತಟ್ಟಿದಳು. ಮೂರು ವರ್ಷ ತಟ್ಟಿದಳು. ಎಂಟು ವರ್ಷ ನಾಲ್ಕು ತಿಂಗಳಿಗೆ ಒಂದು ಬೆಳಿಗ್ಗೆ ಅವನ ತುಟಿ ನೀಲಿಯಾಯಿತು. ಗಂಡ ದೋಣಿಯ ಮೇಲಿದ್ದ. ಇವಳೇ ಅವನನ್ನು ಬೆನ್ನಿಗೆ ಹಾಕಿಕೊಂಡು ನಾಲ್ಕು ಮಹಡಿ ಇಳಿದಳು. ಕಿವಿಯ ಹತ್ತಿರ ಮಗ, "ಉಪ್ಪು ಬೇಕೇನ್ರೀ," ಎಂದು ಉಸುರಿದ. ಅದೇ ಕೊನೆಯ ಮಾತು.

"ಹದಿನಾರು ಕಿಲೋ ಇದ್ದ," ಎನ್ನುತ್ತಾಳೆ. "ಎಪ್ಪತ್ತೆರಡು ಮೆಟ್ಟಿಲು. ಒಂದರಲ್ಲೂ ನಿಲ್ಲಲಿಲ್ಲ ನಾನು. ನನಗೆ ದಣಿವೇ ಆಗ್ಲಿಲ್ಲ, ನೋಡಿ. ಎಂಟು ವರ್ಷದ ಹುಡುಗನ್ನ ಹೊತ್ರೆ ದಣಿವಾಗ್ಬೇಕು."

ಮರುವರ್ಷ ನೆಲ ಒರೆಸುವ ಕೆಲಸಕ್ಕೆ ಈ ಕೇಂದ್ರಕ್ಕೆ ಸೇರಿದಳು. ಇನ್ನೆರಡು ವರ್ಷಕ್ಕೆ ಗಂಡನೂ ಹೋದ, ಐದಾರು ವರ್ಷದ ಮಗಳೊಂದು ಉಳಿಯಿತು. ಒಂದು ದಿನ ತಣ್ಣನೆ ಕೋಣೆ ಒರೆಸುತ್ತಿರುವಾಗ ಡಾಕ್ಟರಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: ಶಾರ್ಕಿನ ಈ ಗ್ರಂಥಿಯಲ್ಲಿ ಕ್ಲೋರೈಡ್ ಹೊರಹೋಗುವ ಬಾಗಿಲೂ ಮನುಷ್ಯರ ಬೆವರಿನ ನಾಳದಲ್ಲಿರುವ ಬಾಗಿಲೂ ಒಂದೇ ಜಾತಿ, ಕೆಲವು ಮಕ್ಕಳು ಆ ಬಾಗಿಲು ಕೆಟ್ಟು ಹುಟ್ಟುತ್ತಾರೆ, ಅವರ ಬೆವರು ಬಹಳ ಉಪ್ಪು. ಬಕೆಟ್ಟು ಉರುಳಿತು. ಕೋಣೆಯೆಲ್ಲ ನೀರಾಯಿತು.

"ಯಾವ ಬಾಗ್ಲು? ಇನ್ನೊಂದ್ಸಲ ಹೇಳಿ," ಎಂದಳಂತೆ, ನೀರಿನಲ್ಲೇ ನಿಂತು.

ಡಾಕ್ಟರಮ್ಮ ಪಾಠ ಬಿಟ್ಟು ಅವಳೊಬ್ಬಳಿಗೇ ಹೇಳಿದರು. ಮೀನಿನಲ್ಲಿ ಈ ಬಾಗಿಲಿನಿಂದ ಉಪ್ಪು ಹೊರಗೆ ಹೋಗುತ್ತದೆ. ನಮ್ಮ ಎದೆಯೊಳಗೂ ಹಾಗೇ ಹೊರಬಂದು, ಹಿಂದೆ ನೀರನ್ನು ಕರೆತಂದು, ಕಫವನ್ನು ತೆಳ್ಳಗೆ ಇಡುತ್ತದೆ. ಚರ್ಮದಲ್ಲಿ ಮಾತ್ರ ತಿರುಗಾಮುರುಗಾ: ಬೆವರು ಮೇಲೆ ಬರುವ ಮೊದಲು ಉಪ್ಪನ್ನು ಇದೇ ಬಾಗಿಲಿನಿಂದ ವಾಪಸ್ ಒಳಗೆ ಎಳೆದುಕೊಳ್ಳಬೇಕು. ಬಾಗಿಲು ಮುಚ್ಚಿದ್ದರೆ ಉಪ್ಪು ಬೆವರಿನಲ್ಲೇ ಉಳಿದು ಸೋರಿಹೋಗುತ್ತದೆ. ಮನುಷ್ಯರಲ್ಲಿ ಆ ಬಾಗಿಲುಗಳು ಅಲ್ಲೊಂದು ಇಲ್ಲೊಂದು, ಹುಡುಕಿ ನೋಡುವುದು ಕಷ್ಟ. ಶಾರ್ಕಿನ ಗ್ರಂಥಿಯಲ್ಲಿ ಕಿಕ್ಕಿರಿದಿವೆ. ಅದಕ್ಕೇ ಈ ಮೀನು.

"ಅಂದ್ರೆ ನಾನು ಅವನ ಉಪ್ಪಿನ ಡಬ್ಬಾನೂ ಮುಚ್ಚಿದೆ," ಎಂದಳು ಇವಳು. ಮರುದಿನದಿಂದಲೇ ಹಾಳಾದ ಗ್ರಂಥಿಗಳ ಮೇಲೆ ಗಂಟು ಹಾಕುವುದನ್ನು ಕಲಿಯಲು ಕೂತಳು.

ಕಳೆದ ಚಳಿಗಾಲದ ಜ್ವರದಲ್ಲಿ ಅವಳ ಬಾಯಿರುಚಿ ಹೋಯಿತು. ಸಿಹಿ ವಾಪಸ್ ಬಂತು, ಹುಳಿ ಬಂತು, ಖಾರ ಕಿವಿಯಲ್ಲಿ ಹೊಗೆ ಬರುವಷ್ಟು ಬಂತು. ಉಪ್ಪು ಬರಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಅಡುಗೆ ಬಾಯಿಗಿಡಲಾಗದಷ್ಟು ಉಪ್ಪಾದಾಗ, "ಈಗಿನ ಉಪ್ಪಿಗೆ ಮರ್ಯಾದೆ ಇಲ್ಲ, ಅಳತೆ ಕೆಟ್ಟಿದೆ," ಎಂದು ಉಪ್ಪನ್ನೇ ಬೈದಳು. ಕೆಲಸದಲ್ಲಿ ಹನಿಯ ಗಾತ್ರ, ಬೀಳುವ ಬಿರುಸು ನೋಡಿ ತೀರ್ಪು ಹೇಳಿದಳು. ಕಣ್ಣಿನಲ್ಲೇ ರುಚಿ ನೋಡಿ ಎಂಟು ತಿಂಗಳು ನಿಭಾಯಿಸಿದವಳು.

ಅಷ್ಟರಲ್ಲಿ ಮಗಳಿಗೆ ಹೆಣ್ಣು ಮಗುವಾಯಿತು. ಇಪ್ಪತ್ತೈದು ದಿನದ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಗಳು ನಾಲ್ಕು ಮಹಡಿ ಹತ್ತಿ ಬಂದಳು. ಕೂರಲೂ ಇಲ್ಲ.

"ಅಮ್ಮ, ನೀನೇ ನೋಡಿ ಹೇಳು. ನಾನು ಇವಳಿಗೆ ಒಂದ್ಸಲನೂ ಮುತ್ತಿಟ್ಟಿಲ್ಲ."

"ಯಾಕೇ?"

"ಉಪ್ಪಿದ್ರೆ ಅಂತ."

ಹನಿಯಕ್ಕ ಮಗುವಿನ ಹಣೆಗೆ ತುಟಿ ಒತ್ತಿದಳು. ಬೆಚ್ಚಗಿತ್ತು, ಹಾಲಿನ ವಾಸನೆ ಇತ್ತು. ರುಚಿ ಏನೂ ಇರಲಿಲ್ಲ. ಏನೂ ಇರದೆ ಇದ್ದದ್ದು ಮಗುವಿನಲ್ಲೋ ತನ್ನ ನಾಲಿಗೆಯಲ್ಲೋ ಅವಳಿಗೆ ಗೊತ್ತಾಗಲಿಲ್ಲ. ಮಗಳ ಕಣ್ಣು ಅವಳ ಬಾಯಿಯ ಮೇಲೇ ನೆಟ್ಟಿತ್ತು.

"ಸಪ್ಪೆ ಕಣೇ," ಎಂದಳು. "ನೀರಿನ ಹಾಗಿದ್ದಾಳೆ."

ಮಗಳು ಬಾಗಿಲಿಗೊರಗಿ ನೆಲಕ್ಕೆ ಕುಸಿದು ಗೋಳೋ ಎಂದು ಅತ್ತಳು. ಅಳುತ್ತಲೇ ಮಗುವನ್ನು ಬಾಚಿಕೊಂಡು ಹಣೆ, ಕೆನ್ನೆ, ಕುತ್ತಿಗೆಗೆಲ್ಲ ಮುತ್ತಿಟ್ಟಳು, ಇಪ್ಪತ್ತೈದು ದಿನದ್ದನ್ನು ಒಂದೇ ಸಲಕ್ಕೆ. ಆಮೇಲೆ ತುಟಿ ನೆಕ್ಕಿಕೊಂಡು ತಲೆ ಎತ್ತಿದಳು.

"ಉಪ್ಪು ಅನ್ನಿಸ್ತಿದೆಯಲ್ಲಮ್ಮ?"

"ಅದು ನಿನ್ನ ಕಣ್ಣೀರೇ, ಮಂಕೇ!"

ಮಗಳು ನಕ್ಕಳು. ಅವಳು ನಕ್ಕದ್ದು ನೋಡಿ ಇವಳೂ ನಕ್ಕಳು.

"ಹೇಳ್ಬಿಡೋಣ ಅಂತ ಮೂರು ದಿನ ಬಾಯಿ ತೆಗೆದೆ," ಎನ್ನುತ್ತಾಳೆ. "ನಾಲಿಗೆ ಹೋಗಿದೆ ಅಂದ್ರೆ ಹನಿಯಕ್ಕ ಅಂತ ಯಾರು ಕರೀತಾರೆ? ಅದಕ್ಕಿಂತ ಹೆಚ್ಚಾಗಿ, ನಮ್ಮ ಹುಡುಗಿ ನಕ್ಕಿದ್ಲಲ್ಲ. ಆ ನಗು ಕಿತ್ಕೊಳ್ಳೋಕೆ ಕೈ ಬರ್ಲಿಲ್ಲ. ಉಪ್ಪು ಕಿತ್ಕೊಂಡ ಕೈ ಇದು, ಸಾಲ್ದಾ?"

ನಾಲ್ಕನೇ ದಿನ ಬೆಳಿಗ್ಗೆ ಎಂದಿನಂತೆ ನಳಿಗೆ ಕಟ್ಟಿ, ಹನಿಯನ್ನು ನಾಲಿಗೆಗಿಟ್ಟು, "ಎದ್ದಿದೆ," ಎಂದಳು. ಯಂತ್ರ ಇನ್ನೂರ ಎಂಬತ್ತು ತೋರಿಸಿತು. ಎದ್ದ ಗ್ರಂಥಿಯಾದರೆ ಐನೂರು ಬರಬೇಕು. ಡಾಕ್ಟರಮ್ಮ ಬಗ್ಗಿ ಗಂಟು ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳ ಗಂಟು ಜಾರಿತ್ತು.

"ಹನಿಯಕ್ಕ, ಇದು ಸೋರಿಕೆ. ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲ," ಎಂದಳು. ಜಾರಿದ ಗಂಟು ಬಿಚ್ಚುತ್ತಾ, "ಮೊನ್ನೆನೂ ಗೊತ್ತಾಗ್ಲಿಲ್ಲ. ಮಗೂದು."

ಡಾಕ್ಟರಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಹನಿಯಕ್ಕ ಮೀನಿನ ರಕ್ತ ಮೆತ್ತಿದ ಏಪ್ರನ್ನಿನಲ್ಲೇ ಬೀದಿಗಿಳಿದಿದ್ದಳು. ಬಸ್ಸಿನಲ್ಲಿ ಅಕ್ಕಪಕ್ಕದ ಆರು ಸೀಟು ತಾವಾಗಿಯೇ ಖಾಲಿಯಾದವಂತೆ. ಮಗಳ ಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು.

"ನಿನ್ನ ನಾಲಿಗೆ ಹಾಳಾಗ!" ಎಂದು ಚೀರಿದಳು ಮಗಳು.

"ಆಗ್ಲೇ ಹಾಳಾಗಿದೆ ಕಣೇ. ಅದನ್ನೇ ಹೇಳೋಕೆ ಬಂದೆ. ಚಪ್ಪಲಿ ಹಾಕ್ಕೋ, ಆಸ್ಪತ್ರೆಗೆ ಹೋಗೋಣ."

ಮಗುವಿನ ತೊಡೆಗೆ ಪುಟ್ಟ ಪಟ್ಟಿ ಕಟ್ಟಿ, ಅರ್ಧ ಗಂಟೆ ಬೆವರು ಹಿಡಿದರು. ಬೆವರಿನಲ್ಲಿ ಕ್ಲೋರೈಡು ಮೂವತ್ತರ ಒಳಗಿದ್ದರೆ ಚಿಂತೆಯಿಲ್ಲ, ಅರವತ್ತು ಮುಟ್ಟಿದರೆ ಕಾಯಿಲೆ ಇದ್ದಂತೆಯೇ ಎಂದು ಹೇಳಿದ್ದರು. ಮರುದಿನ ಚೀಟಿ ಬಂತು. ತೊಂಬತ್ತೇಳು.

"ದಿನಾ ಐನೂರು ನೋಡೋಳು ನಾನು," ಎನ್ನುತ್ತಾಳೆ. "ತೊಂಬತ್ತೇಳು ಓದೋಕೆ ಆಗ್ಲಿಲ್ಲ. ಮಗಳೇ ಓದಿದ್ಲು."

ಮಗಳು ಎಂಟು ದಿನ ಮಾತಾಡಲಿಲ್ಲ. ಒಂಬತ್ತನೇ ದಿನ ಮಗುವನ್ನೂ ತೊಟ್ಟಿಲನ್ನೂ ತಂದು ತಾಯಿಯ ಮನೆಯಲ್ಲಿಟ್ಟಳು. ಹಾಲಿಗೆ ಉಪ್ಪು ಬೆರೆಸಬೇಕು. ಆಸ್ಪತ್ರೆಯವರು ಅಳತೆ ಹೇಳಿ, ಬೆರಳುಗುರಿನಷ್ಟು ಚಮಚ ಕೊಟ್ಟಿದ್ದಾರೆ. "ನಂಗೆ ಅಳತೆ ತಪ್ಪತ್ತೆ. ನೀನೇ ಹಾಕು," ಎಂದಳು. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಇನ್ನೂ ಹೇಳಿಲ್ಲ.

ಕೂಸಿಗೆ ಈಗ ನಾಲ್ಕು ತಿಂಗಳು. ಕೆಲವರ ಕೆಟ್ಟ ಬಾಗಿಲನ್ನು ತಳ್ಳಿ ತೆಗೆಯುವ ಮಾತ್ರೆಗಳಿವೆ. ಈ ಮಗುವಿನ ಬಾಗಿಲು ಆ ಬಗೆಯದೋ ಅಲ್ಲವೋ ತಿಳಿಯಲು ರಕ್ತ ದೂರದ ಊರಿಗೆ ಹೋಗಿದೆ, ಉತ್ತರ ಬಂದಿಲ್ಲ. ಹೌದಾದರೂ ಮಗು ದೊಡ್ಡದಾಗುವ ತನಕ ಕಾಯಬೇಕು. "ಆ ಮಾತ್ರೆ ನಾವು ಮಾಡಿದ್ದಲ್ಲ," ಎನ್ನುತ್ತಾರೆ ಡಾಕ್ಟರಮ್ಮ. "ಬಾಗಿಲು ಹೇಗೆ ತೆಗೆಯತ್ತೆ ಅಂತ ನೋಡಿದ ನೂರಾರು ಕೋಣೆಗಳಲ್ಲಿ ನಮ್ಮದೂ ಒಂದು." ಆ ಕೋಣೆಯಿಂದ ಹೊರಬಂದ ಒಂದು ಪ್ರಬಂಧದ ಕೊನೆಯಲ್ಲಿ ಹನಿಯಕ್ಕನಿಗೆ ಕೃತಜ್ಞತೆ ಇದೆ. ಇರುವೆಯೂ ಕನ್ನಡಕ ಹಾಕಿಕೊಂಡೇ ಓದಬೇಕು, ಅಷ್ಟು ಸಣ್ಣ ಅಕ್ಷರ.

ಅವಳನ್ನು ಕೆಲಸದಿಂದ ತೆಗೆದಿಲ್ಲ. ರುಚಿ ಯಂತ್ರದ ಪಾಲಿಗೆ ಹೋಯಿತು, ಗಂಟು ಅವಳದೇ. ಹೆಸರೂ ಹೋಗಲಿಲ್ಲ.

ಹತ್ತೂವರೆಗೆ ಕೊನೆಯ ಕೊಳವೆಗೆ ಮುಚ್ಚಳ ಹಾಕಿ ಮನೆಗೆ ಹೊರಡುತ್ತಾಳೆ. ಎಪ್ಪತ್ತೆರಡು ಮೆಟ್ಟಿಲು ಹತ್ತಿ, ಕೈ ತೊಳೆದು, ಕಿಟಕಿಯ ಬೆಳಕಿಗೆ ಆ ಪುಟ್ಟ ಚಮಚ ಹಿಡಿದು, ಚಾಕುವಿನ ಬೆನ್ನಿನಿಂದ ಉಪ್ಪನ್ನು ಸಮ ಮಾಡುತ್ತಾಳೆ. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಅಟ್ಟದ ಮೇಲಿದ್ದ ಡಬ್ಬ ಈಗ ಊಟದ ಮೇಜಿನ ನಟ್ಟನಡುವೆ, ಯಾರ ಕೈಗಾದರೂ ಎಟುಕುವಂತೆ ಇದೆ. ಹಾಲು ಕುಡಿದ ಕೂಸನ್ನು ಬೋರಲು ಮಲಗಿಸಿಕೊಂಡು ಬೆನ್ನು ತಟ್ಟುತ್ತಾಳೆ. ಆ ತಾಳ ಅವಳ ಕೈಗೆ ಮೊದಲೇ ಗೊತ್ತು.

ನಿಮಗೇನು ಆಸೆ ಎಂದು ಕೇಳಿದರೆ ತಟ್ಟುವ ಕೈ ನಿಲ್ಲುವುದಿಲ್ಲ.

"ಎಂಟು ವರ್ಷ ದಾಟ್ಲಿ. ದಾಟಿದ ದಿನ ಇವಳನ್ನ ಉಪ್ಪು ಮೂಟೆ ಮಾಡ್ಕೊಂಡು ಕೆಳಗಿಂದ ಈ ಮೆಟ್ಟಿಲು ಹತ್ತಬೇಕು. ಎರಡನೇ ಮಹಡೀಲೇ ಏದುಸಿರು ಬಂದು, ಅಯ್ಯೋ, ಆಗಲ್ಲ ಕಣೇ, ಇಳಿಯೇ ಅಂತ ಕೂತ್ಬಿಡ್ಬೇಕು ನಾನು."